ಹಿಂದೆ ನಿಲ್ಲುವವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ನೀನು ಫೋನ್ ಮಾಡಿದಾಗಲೆಲ್ಲ ಕ್ಷೌರದ ಅಂಗಡಿಗೆ ಬಣ್ಣ ಹೊಡೆಸುತ್ತಿದ್ದೇನೆ ಎಂದೆ. ಬಣ್ಣ ಹಚ್ಚಿದ್ದು ಮಾತಿಗೆ ಮಾತ್ರ. ಅಂಗಡಿ ಮುಚ್ಚಿದೆ. ಬಾಯಲ್ಲಿ ಹೇಳಲು ಹೋದರೆ ಮತ್ತೆ ಬಣ್ಣದ ಮಾತೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ನನಗೆ ಹಳೆಯ ನೆಂಟ, ನಿನಗೆ ಗೊತ್ತೇ ಇದೆ. ಈ ವರ್ಷ ಅದು ಪಾದಕ್ಕಿಳಿಯಿತು. ಮೊದಲು ಜೋಮು, ಆಮೇಲೆ ಅದೂ ಇಲ್ಲ. ದಿನವಿಡೀ ಮೆತ್ತನೆಯ ಹಾಸಿಗೆಯ ಮೇಲೆ ನಿಂತು ಕೆಲಸ ಮಾಡಿದ ಹಾಗೆ. ಒಮ್ಮೆ ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ದದ್ದೇ ತಿಳಿಯದೆ ನಡೆದುಬಿಟ್ಟಿದ್ದೆ. ಹಣ್ಣಿನವಳು ಕೂಗಿ ಕರೆದು ಕೊಟ್ಟಳು. ಇಬ್ಬರೂ ನಕ್ಕೆವು.

ನಗು ನಿಂತದ್ದು ಮೇಷ್ಟ್ರ ಗಡ್ಡ ಹೆರೆಯುವಾಗ. ಕತ್ತಿ ಅವರ ಕುತ್ತಿಗೆಯ ಮೇಲಿತ್ತು. ಸ್ವಲ್ಪ ಪಕ್ಕಕ್ಕೆ ತಿರುಗಿದೆ ನೋಡು, ಕಾಲಡಿಯ ನೆಲವೇ ಜಾರಿದಂತಾಯಿತು. ಕತ್ತಿಯನ್ನು ಹೇಗೋ ಆಚೆ ಎಸೆದೆ. ಕನ್ನಡಿ ಬಿರುಕು ಬಿಟ್ಟಿತು. ಅವರಿಗೆ ಗೀರೂ ಆಗಲಿಲ್ಲ. ಅರ್ಧ ಮುಖದ ನೊರೆ ಒರೆಸಿಕೊಂಡು, ನನ್ನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿ ಹೊರಟುಹೋದರು. ಮರುದಿನದ ಹೊತ್ತಿಗೆ ಬೀದಿಗೆಲ್ಲ ನಾನು ಕುಡುಕ. ಇಷ್ಟು ವರ್ಷ ಊರಿನ ಸುದ್ದಿಯೆಲ್ಲ ನನ್ನ ಕುರ್ಚಿಯಲ್ಲಿ ಕೂತು ಎದ್ದು ಹೋಗುತ್ತಿತ್ತು. ಈಗ ನಾನೇ ಸುದ್ದಿ; ನನ್ನೊಡನೆ ಮಾತಾಡುವವರಿಲ್ಲ.

ಡಾಕ್ಟರು ನರ ಕೆಟ್ಟಿದೆ ಎಂದು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿಯ ಮೇಡಂ ಅಂಗಾಲುಗಳನ್ನು ಬೆರಳು ಬಿಡಿಸಿ ಬಿಡಿಸಿ ನೋಡಿ, ಕಣ್ಣು ಮುಚ್ಚಿ ನಿಲ್ಲಿ ಎಂದರು. ಮುಚ್ಚಿದೆ, ಅವರ ಹೆಗಲ ಮೇಲೇ ಬಿದ್ದೆ.

“ನಿಮ್ಮ ಕಾಲು ಸುದ್ದಿ ಕಳಿಸ್ತಾ ಇಲ್ಲ. ಕಣ್ಣೇ ನಿಮ್ಮನ್ನ ನಿಲ್ಲಿಸಿಕೊಂಡಿರೋದು,” ಎಂದರು. “ಮುಂಚಿನ ಹಾಗೆ ಆಗುತ್ತೆ ಅಂತ ಮಾತು ಕೊಡಲ್ಲ. ಬೀಳದ ಹಾಗೆ ನಡೆಯೋದನ್ನ ಕಲಿಸ್ತೀನಿ. ಮನೇಲೂ ಮಾಡ್ಬೇಕು, ಹಿಂದೆ ಒಬ್ಬರು ನಿಂತಿರ್ಬೇಕು. ಯಾರಿದ್ದಾರೆ?”

ಹೆಂಡತಿ ಇದ್ದಾಳೆ ಎಂದೆ. ಅಕ್ಕಾ, ಬಾಯಿಗೆ ಅದೇ ಬಂತು. ಕರೆದುಕೊಂಡು ಬನ್ನಿ, ಕೈ ಎಲ್ಲಿ ಕೊಡಬೇಕೆಂದು ತೋರಿಸುತ್ತೇನೆ ಎಂದು ಅವರು ಅಂದಾಗಲೆಲ್ಲ, ಅವಳಿಗೆ ಬಿಡುವಿಲ್ಲ ಎನ್ನುತ್ತ ಬಂದೆ.

ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಯುವ ಅಭ್ಯಾಸವೊಂದಿದೆ. ಅದನ್ನು ಮನೆಯಲ್ಲಿ ಒಬ್ಬನೇ ಮಾಡಲು ಹೋಗಿ ಅಡುಗೆಮನೆಯಲ್ಲಿ ಬಿದ್ದೆ. ಹುಬ್ಬು ಒಡೆಯಿತು. ಗೋಡೆಯಾಚೆ ಪಕ್ಕದ ಮನೆಯವರು ಊಟಕ್ಕೆ ತಟ್ಟೆ ಇಡುವ ಸದ್ದು ಕೇಳುತ್ತಿತ್ತು. ಕೂಗಿದ್ದರೆ ಬರುತ್ತಿದ್ದರೋ ಏನೋ. ಯಾರ ಹೆಸರು ಹಿಡಿದು ಕೂಗಲಿ ಎಂದು ಯೋಚಿಸುತ್ತ, ಅವರ ಊಟ ಮುಗಿಯುವವರೆಗೂ ನೆಲದ ಮೇಲೇ ಮಲಗಿದ್ದೆ.

ಹಣೆಯ ಪಟ್ಟಿ ನೋಡಿ ಮೇಡಂ ಸಿಡುಕಿದರು. “ಎಂಥ ಹೆಂಡತಿ ರೀ ಅವರು? ಗಂಡ ಬೀಳೋವಾಗ ಎಲ್ಲಿ ಹೋಗಿದ್ರು?”

ನನ್ನನ್ನು ಬೈದಿದ್ದರೆ ನುಂಗಿಕೊಳ್ಳುತ್ತಿದ್ದೆ. “ಅವಳನ್ನ ಏನೂ ಅನ್ಬೇಡಿ ಮೇಡಂ. ಅವಳು ತೀರಿಹೋಗಿ ಮೂರು ವರ್ಷ ಆಯ್ತು,” ಎಂದೆ.

ಅವರು ಬಗ್ಗಿ ಕೂತು ನನ್ನ ಕಾಲುಚೀಲ ತಾವೇ ಏರಿಸಿದರು. ಆಮೇಲೆ ಕೋಣೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಎದುರಿಗೆ ಒಂದು ಕುರ್ಚಿ ಇಟ್ಟರು. “ಒಬ್ಬರೇ ಇದ್ದಾಗ ಹೀಗೆ ನಿಲ್ಲೋದಷ್ಟೇ ಮಾಡಿ. ಗೋಡೆ ಕೈ ಹಿಡಿಯಲ್ಲ ನಿಜ, ಆದ್ರೆ ಕೈ ಕೊಡೋದೂ ಇಲ್ಲ.”

ನಗು ಬಂತು. ನಕ್ಕು ಬಹಳ ದಿನಗಳಾಗಿದ್ದವು.

ಈಗ ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿಬರುತ್ತೇನೆ. ಕತ್ತಿ ಇನ್ನು ಮುಟ್ಟುವುದಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು ಕತ್ತರಿ ಹಿಡಿಯಬಹುದಂತೆ; ನನ್ನನ್ನು ನಂಬಿ ತಲೆ ಕೊಡುವವರು ಸಿಗಬೇಕಷ್ಟೆ. ಉಳಿದಂತೆ ಚೆನ್ನಾಗಿದ್ದೇನೆ.

ಗಾಬರಿಯಾಗಬೇಡ ಎನ್ನುವ,
ನಿನ್ನ ತಮ್ಮ

ಹೇಳಲು ಬಿಟ್ಟದ್ದು: ಬರುವ ತಿಂಗಳು ಮನೆಯಲ್ಲೂ ಆ ನೇರ ಗೆರೆಯ ನಡಿಗೆ ಶುರು ಮಾಡಬೇಕಂತೆ. ಹಿಂದೆ ನಿಲ್ಲುವವರು ಯಾರು ಎಂದು ಮೇಡಂ ಮತ್ತೆ ಕೇಳಿದರು. ನಿನ್ನನ್ನು ಒಂದು ಮಾತೂ ಕೇಳದೆ, ಅಕ್ಕ ಬರುತ್ತಾಳೆ ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತ, “ಈ ಅಕ್ಕ ನಿಜವಾಗ್ಲೂ ಇದ್ದಾರೆ ತಾನೇ?” ಎಂದರು. ಇದ್ದಾಳೆ ಎಂದೆ.