ಗುಟ್ಟಿನ ಕೌದಿ ಮತ್ತು ನನ್ನ ನಾಲ್ಕಿಂಚು

ನೂರ್ ಆಪಾ,

ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ. ನೀವು ಹೋಗಿ ವರ್ಷದ ಮೇಲಾಯಿತು. ಹೋಗುವವರು ಸುಮ್ಮನೆ ಹೋಗಬೇಕಾಗಿತ್ತು. ಕತ್ತರಿ ಹಿಡಿಯಲು ಬಾರದ ಏಳು ಜನ ಹೆಂಗಸರನ್ನು ನನ್ನ ಕೊರಳಿಗೆ ಕಟ್ಟಿ ಹೋದಿರಿ. ಈ ಸಲದ ಗುಟ್ಟಿನ ಕೌದಿ ನಾನೇ ನಡೆಸಿದೆ. ಹಾಳಾಯಿತು. ಎಷ್ಟು ಹಾಳಾಯಿತೆಂದರೆ, ಇಷ್ಟು ವರ್ಷ ನೀವು ಕೂಡಿಸಿಕೊಂಡು ಬಂದ ಕೂಟ ಇನ್ನು ಉಳಿಯುತ್ತದೋ ಇಲ್ಲವೋ ಎನ್ನುವಲ್ಲಿಗೆ ಬಂದು ನಿಂತಿತು. ಯಾರಿಂದ ಹಾಳಾಯಿತು ಎನ್ನುವುದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ?

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ನೆನಪಿದೆಯೇ? ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡ್ ಹಿಂದಿನ ಆ ಗೂಡಿನಲ್ಲಿ ನಾನು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ನಿಮ್ಮ ಯಜಮಾನರ ಕಟ್‌ಪೀಸ್ ಅಂಗಡಿಯಿಂದ ಒಂದು ಚೀಲ ತುಂಡುಬಟ್ಟೆ ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿದಿರಿ. "ಮಾದೇವಿ, ಎರಡ್ ದಿನ ಅಂಗ್ಡಿ ಬಾಗ್ಲಾಕು. ತೆರಕಣಾಂಬಿ ತಾವ ನಮ್ಮೋರ್ದೊಂದು ತೋಟದ್ ಮನೆ ಅದೆ. ಎಲ್ಲಾ ಕೂತ್ಕಂಡು ಕೌದಿ ಒಲಿಯನ ಬಾ" ಎಂದಿರಿ. ಯಾವ ಡಿಸೈನು ಎಂದು ಕೇಳಿದೆ. "ಅದ್ನ ಯೋಳಕಿಲ್ಲ. ಯೋಳ್ಬುಟ್ರೆ ಗುಟ್ಟೆಲ್ಲಿ ಉಳದದು?" ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಏನಾಗುತ್ತದೆಂದು ಗೊತ್ತಿಲ್ಲದೆ ಬಟ್ಟೆಗೆ ಕತ್ತರಿ ಹಾಕುವವರು ಯಾರಾದರೂ ಉಂಟೇ? ಬ್ಲೌಸ್ ಹೊಲಿಸಲು ಬಂದವಳಿಗೆ, ತೋಳು ಉದ್ದವೋ ಗಿಡ್ಡವೋ ಕೊನೇ ದಿನ ಹೇಳುತ್ತೇನೆ ಎಂದರೆ ಅವಳು ಎರಡನೇ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಿಯಾಳೇ?

ಆದರೂ ಬಂದೆ. ತೋಟದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ನಾಲ್ಕು ಹೊಲಿಗೆ ಮಿಷನ್ ಇಡಿಸಿ, ನೀವು ಮಾತ್ರ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಿರಿ. ಬೆಳಿಗ್ಗೆ ಒಂದು ಮಾತು: ಎಲ್ಲರೂ ಇಷ್ಟಿಷ್ಟು ಚೌಕ ಕತ್ತರಿಸಿ. ಅದು ಮುಗಿದು ಕಾಫಿ ಕುಡಿದ ಮೇಲೆ ಇನ್ನೊಂದು ಮಾತು: ಚೌಕಗಳನ್ನು ಸಾಲುಸಾಲಾಗಿ ಕೂಡಿಸಿ. ಮುಂದೇನು ಎಂದು ಕೇಳಿದರೆ ನಗು. ಮಾರನೇ ದಿನ ಸಾಯಂಕಾಲ ಕೊನೆಯ ಮಾತು. ಅದನ್ನು ಮಾತ್ರ ನೀವು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಹತ್ತಿರ ಕರೆದು, ಅವರ ಹೊಲಿಗೆಯನ್ನು ತೊಡೆಯ ಮೇಲೆ ಹರಡಿ ನೋಡಿ, ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದಿರಿ. ಆಮೇಲೆ ಎಲ್ಲರೂ ನೀವು ತಂದ ಒಂದೇ ಅಳತೆಯ ಅಡಿಬಟ್ಟೆಗೆ ಅದನ್ನು ಕೂರಿಸಿ, ಅಂಗಳದಲ್ಲಿ ಹಾಸಿದಾಗಲೇ ಗೊತ್ತಾಗುತ್ತಿದ್ದುದು, ಓ ಇದು ನಕ್ಷತ್ರ, ಓ ಇದು ಗಾಳಿಪಟ ಎಂದು. ಇಷ್ಟಕ್ಕೆ ಆ ಹೆಂಗಸರು ಚಿಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಟ್ಟುತ್ತಿರಲಿಲ್ಲ, ಅದೂ ನಿಮಗೆ ಗೊತ್ತು.

ಆ ಹೆಂಗಸರನ್ನು ನೀವು ಎಲ್ಲಿಂದ ಹುಡುಕಿ ತಂದಿರೋ. ಹರವೆಯ ಕಮಲಿ ಅರಿಸಿನದ ಹೊಲದಿಂದ ನೇರ ಬಂದವಳ ಹಾಗೆ ಬರುತ್ತಿದ್ದಳು. ಅವಳು ಮುಟ್ಟಿದ ಬಿಳಿ ಬಟ್ಟೆಯ ಮೇಲೆಲ್ಲ ಹಳದಿ ಬೆರಳು. ಒಂದು ಚೌಕ ಕತ್ತರಿಸಲು ಅವಳು ತೆಗೆದುಕೊಳ್ಳುವ ಹೊತ್ತಿನಲ್ಲಿ ನಾನು ಒಂದು ಬ್ಲೌಸ್ ಮುಗಿಸಿ ಕಾಜ ಹಾಕಿಬಿಡುತ್ತೇನೆ. ಇನ್ನು ಚಾಮರಾಜನಗರದ ಶೈಲಾ, ಆಫೀಸರ ಹೆಂಡತಿ. ಒಂದು ದಾರ ಪೋಣಿಸಿದರೆ ಅದಕ್ಕೊಂದು ಫೋಟೋ. "ಇದು ಮನಸ್ಸಿಗೆ ಥೆರಪಿ ಅಕ್ಕಾ" ಎನ್ನುತ್ತಾಳೆ. ಬೆನ್ನು ನೋವು ಬರುವ ತನಕ ಪೆಡಲ್ ತುಳಿಯುವವಳ ಎದುರಿಗೆ ಕೂತು ಥೆರಪಿಯಂತೆ. ಕೇರಳದ ಕಾರಿನವರು ರಸ್ತೆಯಲ್ಲಿ ಇಳಿದು ಯಾರದೋ ಚೆಂಡುಹೂವಿನ ಹೊಲಕ್ಕೆ ನುಗ್ಗಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಒಂದು ಸಲ ಇವಳು ಅವರ ಮಧ್ಯೆ ಹೋಗಿ ಕೌದಿ ಹೊದ್ದು ನಿಂತಿದ್ದಳು. ಮಿಕ್ಕ ಐದು ಜನರ ಬಗ್ಗೆ ಬರೆಯುವುದಕ್ಕೆ ಇಂಕು ದಂಡ. ಇವರನ್ನೆಲ್ಲ ನೀವು "ನನ್ ಮಕ್ಳು" ಎನ್ನುತ್ತಿದ್ದಿರಿ. ಕೇಳಿ ನನಗೆ ಮೈ ಉರಿಯುತ್ತಿತ್ತು.

ಗಾಳಿಪಟದ ಕೌದಿ ಮಾಡಿದ ವರ್ಷ ಅಂಗಳದಲ್ಲಿ ಎಂಟೂ ಕೌದಿ ಹಾಸಿದ್ದೆವು. ಅವರ ಏಳಕ್ಕೂ ಸುತ್ತ ಅಗಲವಾದ ಅಂಚು. ನನ್ನದೊಂದಕ್ಕೆ ಅಂಚಿಲ್ಲ. ನನ್ನ ಕಿವಿಯಲ್ಲಿ ನೀವು ಹೇಳಿದ್ದು ಸ್ಪಷ್ಟವಾಗಿತ್ತು: "ಅಂಚು ಬ್ಯಾಡ ಕಣಮ್ಮಿ, ಅಂಗೇ ಮಡ್ಚಿ ಒಲ್ದ್ಬುಡು." ನಾನು ನಿಮ್ಮ ಪಕ್ಕಕ್ಕೆ ಬಂದು, "ನೋಡಿ ಆಪಾ, ಕಿವಿಯೊಳಗೆ ಬಾಯಿಟ್ಟು ಹೇಳಿದರೂ ಇವರಿಗೆ ಕೇಳಿಸುವುದಿಲ್ಲ. ಏಳು ಜನವೂ ಅಂಚು ಹಚ್ಚಿ ಕೂತಿದ್ದಾರೆ" ಎಂದೆ. ನೀವು ನನ್ನ ಕೌದಿಯ ಅಂಚಿಲ್ಲದ ಬದಿಯನ್ನು ಸವರಿ, "ನಿಂದು ನಿಂದೇ ಬುಡು" ಎಂದಿರಿ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಎಷ್ಟು ದಿನ ಆ ಮಾತನ್ನು ನೆನೆಸಿಕೊಂಡು ಬೀಗಿದ್ದೇನೆಂದರೆ...

ನೀವು ತೀರಿಕೊಂಡ ದಿನ ನಿಮ್ಮ ಮನೆಯ ಒಳಕೋಣೆಯಲ್ಲಿ ನಾವು ಎಂಟು ಜನವೂ ಕೂತಿದ್ದೆವು. ನಿಮ್ಮನ್ನು ಎತ್ತಿಕೊಂಡು ಹೋದ ಮೇಲೆ ಹೆಂಗಸರು ಮಾತ್ರ ಉಳಿದೆವು. ಕಮಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಮೇಲೆ ಬಂದ ಪ್ರಶ್ನೆ, ಇನ್ನು ಮುಂದೆ ಗುಟ್ಟು ಹೇಳುವವರು ಯಾರು? ಶೈಲಾ ಬಂಡೀಪುರದ ಕಡೆ ಯಾವುದೋ ರೆಸಾರ್ಟಿನಲ್ಲಿ ಮಾಡೋಣ, 'ಮಿಸ್ಟರಿ ಕ್ವಿಲ್ಟ್ ರಿಟ್ರೀಟ್' ಎಂದು ಬ್ಯಾನರ್ ಕಟ್ಟಿಸೋಣ ಎಂದಳು. ಈಜುಕೊಳದ ಪಕ್ಕ ಕೂತು ಕೌದಿ ಹೊಲಿಯುವ ಹುಚ್ಚನ್ನು ಎಲ್ಲಾದರೂ ಕಂಡಿದ್ದೀರಾ ನೀವು? ಅದನ್ನು ಅಲ್ಲೇ ಹೊಸಕಿ ಹಾಕಿದೆ. ತೋಟದ ಮನೆಯಲ್ಲೇ ಆಗಬೇಕು, ನಾನೇ ನಡೆಸುತ್ತೇನೆ ಎಂದೆ. ಒಬ್ಬಳೂ ಎದುರು ಮಾತಾಡಲಿಲ್ಲ. ನನ್ನ ಕೈಯ ಮೇಲಿನ ನಂಬಿಕೆ ಎಂದುಕೊಂಡೆ.

ಈ ಸಲದ ಕೌದಿಗೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ನಡುವೆ ಒಂದು ನವಿಲಿನ ಅಚ್ಚಿನ ಬಟ್ಟೆ, ಅದರ ಸುತ್ತ ಚೌಕಗಳ ಸಾಲು. ಮನೆಯಲ್ಲಿ ಒಂದು ಹೊಲಿದು ನೋಡಿ, ಅದರ ಅಳತೆಗೆ ಎಂಟು ನವಿಲು ಕತ್ತರಿಸಿ ಬಚ್ಚಿಟ್ಟುಕೊಂಡು ಹೋದೆ. ಕುರ್ಚಿ ಹಾಕಿಸಿಕೊಂಡು ಕೂತು, "ಚೌಕ ನಾಲ್ಕಿಂಚು. ನಾಲ್ಕು ಎಂದರೆ ನಾಲ್ಕು" ಎಂದು ಹುಕುಂ ಕೊಟ್ಟೆ. ಎರಡನೇ ದಿನ ಸಾಯಂಕಾಲ ಒಬ್ಬೊಬ್ಬರನ್ನೇ ಕರೆದು ನಿಮ್ಮ ಹಾಗೆ ಕಿವಿಯಲ್ಲಿ ಹೇಳಿದೆ: "ಈ ನವಿಲನ್ನ ನಡುವೆ ಕೂರಿಸು." ಏಳು ಕಿವಿಗೂ ಅದೇ ಮಾತು. ಇದನ್ನು ಗಟ್ಟಿಯಾಗಿ ಒಂದು ಸಲ ಹೇಳಿದ್ದರೆ ಆಗುತ್ತಿರಲಿಲ್ಲವೇ, ಈ ಆಪಾ ಯಾಕೆ ಇಷ್ಟು ವರ್ಷ ಸುಮ್ಮನೆ ಗಂಟಲು ಸವೆಸಿದರು ಎಂದು ನಿಮ್ಮನ್ನೂ ಬೈದುಕೊಂಡೆ.

ಒಬ್ಬರದಕ್ಕೂ ನವಿಲು ಕೂರಲಿಲ್ಲ ಆಪಾ. ಸುತ್ತಲಿನ ಸಾಲು ಗಿಡ್ಡ, ನಡುವಿನ ಬಟ್ಟೆ ದೊಡ್ಡದು. ಎಳೆದು ಹೊಲಿದವರ ನವಿಲು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಅಂಗಳದಲ್ಲಿ ನನ್ನದೊಂದೇ ಚಪ್ಪಟೆಯಾಗಿ, ಚೆಂದವಾಗಿ ಮಲಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಟೇಪು ಹಿಡಿಯಲು ಬಾರದವರು ಬರುವುದೇಕೆ ಎಂದೆ. ಫೋಟೋ ತೆಗೆಯುವವರಿಗೆ ಹೊಲಿಗೆ ಯಾಕೆ ಎಂದೆ. ಕಮಲಿ ಅದನ್ನು ಬಸುರಿ ಮಗಳಿಗೆಂದು ಹೊಲಿಯುತ್ತಿದ್ದಳು, ಬರುವ ಕೂಸಿಗೆ ಹಾಸಲು. ಅವಳಿಗಂತೂ, "ಅರಿಸಿನ ಕೀಳೋ ಕೈಗೆ ಕತ್ತರಿ ಕೊಟ್ಟವರನ್ನ ಅನ್ನಬೇಕು" ಎಂದುಬಿಟ್ಟೆ. ಅವಳು ಹೊಲಿಗೆಯನ್ನು ಮಡಿಸಿ, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೊರಟಳು. ಅವಳ ಹಿಂದೆಯೇ ಮಿಕ್ಕವರು. ಶೈಲಾ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಬರೋ ವರ್ಷ ನಮ್ಮನ್ನ ಕರೀಬೇಡಿ ಅಕ್ಕಾ" ಎಂದಳು. ಅನ್ನ ಸಾರು ಹಾಗೇ ಉಳಿಯಿತು. ನಾನೊಬ್ಬಳೇ ಕೂತು ಉಂಡೆ, ಹೊಟ್ಟೆ ತುಂಬ ಉಂಡೆ. ತಪ್ಪು ಮಾಡಿದವರು ಉಪವಾಸ ಇರಲಿ ಎಂದುಕೊಂಡು.

ಹದಿನೈದು ದಿನ ಕಳೆದಿರಬಹುದು. ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟಿರಲಿಲ್ಲ, ಗಿರಾಕಿಯೂ ಇರಲಿಲ್ಲ. ತೋಟದ ಮನೆಯಿಂದ ತಂದಿದ್ದ ಚೀಲ ಕೊಡವಿದಾಗ ಕಮಲಿಯ ಮಿಕ್ಕ ಚೌಕಗಳು ಬಿದ್ದವು. ಹಳದಿ ಬೆರಳಿನ ಗುರುತಿತ್ತಲ್ಲ, ಕೇಳಬೇಕಾಗಿರಲಿಲ್ಲ. ಅವಳ ಸೊಟ್ಟ ಕೈಯನ್ನು ನೋಡಿ ಇನ್ನೊಂದು ಸಲ ಬೈಯೋಣ ಎಂದು ಟೇಪು ಹಿಡಿದೆ. ನಾಲ್ಕು. ಇನ್ನೊಂದು ತೆಗೆದೆ, ನಾಲ್ಕು. ಎಲ್ಲವೂ ನಾಲ್ಕೇ ಇಂಚು. ಆಮೇಲೆ ನನ್ನ ಚೌಕ ಒಂದನ್ನು ಅದರ ಮೇಲಿಟ್ಟೆ. ನನ್ನದು ನಾಲ್ಕೂ ಬದಿಗೆ ಆಚೆ ಬಂತು.

ನಾನು ಬ್ಲೌಸ್ ಹೊಲಿಯುವವಳು ಆಪಾ. ಸೀಮೆಸುಣ್ಣದ ಗೆರೆಯ ಮೇಲೆ ನನ್ನ ಕತ್ತರಿ ಓಡುವುದೇ ಇಲ್ಲ, ಗೆರೆಯ ಆಚೆಗೇ ಓಡುತ್ತದೆ. ಹೆರಿಗೆಯಾದ ಮೇಲೆ, ವಯಸ್ಸಾದ ಮೇಲೆ ಹೆಂಗಸು ದಪ್ಪ ಆಗೇ ಆಗುತ್ತಾಳೆ, ಬಿಚ್ಚಿ ಸಡಿಲ ಮಾಡಲು ಒಳಗೆ ಬಟ್ಟೆ ಇರಬೇಕು. ಬಾಯಿ ನಾಲ್ಕು ಎನ್ನುತ್ತದೆ, ಕೈ ತಾನೇ ಬಟ್ಟೆ ಬಿಟ್ಟು ಕತ್ತರಿಸುತ್ತದೆ. ಹೊಲಿದ ಮೇಲೆ ನನ್ನದು ನಾಲ್ಕು ಉಳಿಯುತ್ತದೆ, ಅವರದು ಹೊಲಿಗೆಯಲ್ಲಿ ತಿಂದುಹೋಗಿ ಸಣ್ಣದಾಗುತ್ತದೆ. ಅವರು ನಾನು ಹೇಳಿದ್ದನ್ನೇ ಮಾಡಿದ್ದರು. ಹೇಳಿದ್ದನ್ನು ಮಾಡದವಳು ನಾನೊಬ್ಬಳೇ. ಮನೆಗೆ ಹೋಗಿ ಟ್ರಂಕಿನಿಂದ ನಿಮ್ಮ ಕಾಲದ ಕೌದಿಗಳನ್ನೆಲ್ಲ ತೆಗೆದು ಹಾಸಿದೆ. ನನ್ನ ಒಂದಕ್ಕೂ ಅಂಚಿಲ್ಲ. ಪ್ರತಿ ವರ್ಷವೂ ನನ್ನ ಚೌಕಗಳೇ ಅಡಿಬಟ್ಟೆಯ ತುದಿ ಮುಟ್ಟುತ್ತಿದ್ದವು, ಅಂಚಿಗೆ ಜಾಗವೆಲ್ಲಿತ್ತು? ಹಾಗಾದರೆ ಕಿವಿಯಲ್ಲಿ ನೀವು ಹೇಳುತ್ತಿದ್ದುದು ಎಲ್ಲರಿಗೂ ಒಂದೇ ಮಾತಲ್ಲ. ಅಲ್ಲವೇ?

ಎರಡು ಬಸ್ ಬದಲಾಯಿಸಿ ಹರವೆಗೆ ಹೋದೆ. ಕಮಲಿ ಅಂಗಳದಲ್ಲಿ ಬೇಯಿಸಿದ ಅರಿಸಿನ ಹರವುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿ ಮಾಡಿಕೊಂಡು, ಬನ್ನಿ ಅಕ್ಕಾ ಎಂದು ಚಾಪೆ ಹಾಕಿದಳು. ನಾನು ಕೂರಲಿಲ್ಲ. ಚೌಕಗಳನ್ನು ಅವಳ ಕೈಗಿಟ್ಟು, "ನಿನ್ನದು ಸರಿಯಾಗಿತ್ತು ಕಮಲಿ, ನನ್ನದೇ ಹೆಚ್ಚಾಗಿತ್ತು" ಎಂದೆ. ಅವಳು ಆಶ್ಚರ್ಯಪಡಲೇ ಇಲ್ಲ.

"ಗೊತ್ತು ಕಣಕ್ಕ" ಎಂದಳು.

"ಏನು ಗೊತ್ತು?"

"ನಿಮ್ ಚೌಕ ಯಾವಾಗ್ಲೂ ದೊಡ್ದು ಅಂತವ. ಎಲ್ಲಾರ್ಗೂ ಗೊತ್ತು. ಆಪಾ ಮೊದಲ್ನೇ ವರ್ಸವೇ ಯೋಳಿದ್ರು. ಅವ್ಳ್ದು ರವಿಕೆ ಒಲಿಯೋ ಕೈ, ಬಟ್ಟೆ ಬುಟ್ಟೇ ಕತ್ತರುಸ್ತಾಳೆ. ಅವ್ಳಿಗ್ ಬ್ಯಾರೆ ಮಾತು ಯೋಳ್ತೀನಿ, ನೀವ್ಯಾರೂ ಬಾಯ್ ಬುಡಬ್ಯಾಡಿ, ಗೊತ್ತಾದ್ರೆ ಬರಾದೇ ಬುಟ್ಬುಡ್ತಾಳೆ ಅಂದಿದ್ರು."

"ಶೈಲಾಗೂ ಗೊತ್ತೇ?"

"ಅವ್ರಿಗೂ ಗೊತ್ತು."

"ಮತ್ತೆ ಮೊನ್ನೆ ನಾನು ಅಷ್ಟು ಬೈದೆನಲ್ಲ. ಆಗಲಾದರೂ ಹೇಳಬಾರದಾಗಿತ್ತೇ?"

ಅವಳು ಅರಿಸಿನದ ಕೊಂಬು ಒಂದನ್ನು ಕೈಯಲ್ಲಿ ತಿರುವುತ್ತಾ ನಿಂತಳು. "ಆಪಾಗೆ ಮಾತ್ ಕೊಟ್ಟಿದ್ವಲ್ಲಕ್ಕ" ಎಂದಳು.

ಬಸ್ಸಿನಲ್ಲಿ ಅತ್ತುಬಿಟ್ಟೆ ಆಪಾ. ಪಕ್ಕದಲ್ಲಿದ್ದ ಹೆಂಗಸು ಯಾರಾದರೂ ಹೋಗಿಬಿಟ್ಟರೇ ಎಂದು ಕೇಳಿದಳು, ಹೂಂ ಎಂದೆ. ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾರು ಕೇಳಿದ್ದರು ನಿಮ್ಮನ್ನು ಈ ಉಪಕಾರ? ಆ ಏಳು ಜನರನ್ನು ನಾನು ದಡ್ಡರೆಂದು ವರ್ಷಾನುಗಟ್ಟಲೆ ಆಡಿಕೊಂಡೆ, ಅವರು ನನ್ನನ್ನು ಕೂಸಿನ ಹಾಗೆ ಎತ್ತಿಕೊಂಡು ತಿರುಗಿದರು. ನನಗೆ ನಾಚಿಕೆಯಾಯಿತು. ಇದಕ್ಕಿಂತ ನೀವು ಮೊದಲ ವರ್ಷವೇ ಎಲ್ಲರ ಎದುರು ಕಪಾಳಕ್ಕೆ ಹೊಡೆದಿದ್ದರೂ...

ಸುದ್ದಿ ಇಷ್ಟು. ಕಮಲಿಯ ಮಗಳಿಗೆ ಹೆಣ್ಣುಕೂಸಾಗಿದೆ. ಆ ಏಳು ನವಿಲಿನ ಕೌದಿಗಳನ್ನೂ ಅವರಿಂದ ಕೇಳಿ ಇಸಿದುಕೊಂಡು ಬಂದು ಬಿಚ್ಚಿ, ಸಾಲುಗಳಿಗೆ ಪಟ್ಟಿ ಕೊಟ್ಟು ನಾನೇ ಹೊಲಿದು ಮನೆಮನೆಗೆ ಮುಟ್ಟಿಸಿ ಬಂದೆ. ಶೈಲಾ ಬಾಗಿಲಲ್ಲೇ ನಿಲ್ಲಿಸಿ ಫೋಟೋ ತೆಗೆದಳು, ಸುಮ್ಮನೆ ನಿಂತಿದ್ದೆ. ಬರುವ ವರ್ಷ ತೋಟದ ಮನೆಯಲ್ಲೇ ಸೇರುತ್ತೇವೆ, ಗುಟ್ಟು ಹೇಳುವವಳು ಕಮಲಿ. ಈ ವಯಸ್ಸಿನಲ್ಲಿ ನನ್ನ ಕೈ ತಿದ್ದಿಕೊಳ್ಳುವುದಿಲ್ಲ, ನಾಲಿಗೆಯಂತೂ ತಿದ್ದಿಕೊಳ್ಳುವುದೇ ಇಲ್ಲ. ಅವಳಿಗೆ ಒಂದೇ ಮಾತು ಹೇಳಿದ್ದೇನೆ: ನನ್ನ ಚೌಕ ದೊಡ್ಡದಾದರೆ ಕಿವಿಯಲ್ಲಿ ಪಿಸುಗುಟ್ಟಬೇಡ, ಎಲ್ಲರ ಎದುರು ಗಟ್ಟಿಯಾಗಿ ಹೇಳು. ಬರುವುದನ್ನು ನಾನು ಬಿಡುವುದಿಲ್ಲ ಆಪಾ.

ನಿಮ್ಮ
ಮಾದೇವಿ