ಬೆಟ್ಟ ಹತ್ತುವ ಪುಟ್ಟ ರೈಲು

ನವೆಂಬರ್ ೧೮, ೨೦೧೬, ಶುಕ್ರವಾರ. ಯಿಶುನ್, ಸಿಂಗಪುರ

ಹೇಳಬಾರದಿತ್ತೋ ಏನೋ. ಹೇಳಿಬಿಟ್ಟೆ.

ಇಟಲಿಯಿಂದ ಬಂದು ವಾರವಾಯಿತು. ಒರ್ವಿಯೆತೊ ನೋಡಬೇಕೆಂಬುದು ಅಮ್ಮನ ಆಸೆ. ಅಪ್ಪ ಪ್ರತಿ ವರ್ಷ, "ಅದು ಬೆಟ್ಟದ ಮೇಲಿನ ಊರು ವಿಶಾಲೂ, ನಿನ್ನ ಮಂಡಿಗೆ ಆಗಲ್ಲ" ಎಂದು ಮುಂದೂಡುತ್ತಿದ್ದರು. ಮಾರ್ಚಿನಲ್ಲಿ ಅಮ್ಮ ತೀರಿಹೋದಳು. ಅವಳಾಸೆ ಎಂದು ಕೊನೆಗೆ ಅಪ್ಪನೇ ಟಿಕೆಟ್ ಬುಕ್ ಮಾಡಿದರು. ರೋಮ್ ತಲುಪುವಷ್ಟರಲ್ಲಿ ಮೈಸೂರಿನಿಂದ ಅತ್ತೆಯ ಫೋನು: "ಕರ್ಮ ಮಾಡಿದವನು ವರ್ಷ ತುಂಬೋ ತನಕ ಬೆಟ್ಟ ಹತ್ತಬಾರದು ಕಣೋ." ಅಪ್ಪ ಹೋಟೆಲಿನಲ್ಲೇ ಉಳಿದರು. ನಾನೊಬ್ಬಳೇ ಹೋಗಿಬಂದೆ.

ಇವತ್ತು ಊಟಕ್ಕೆ ಕೂತಾಗ ಮೊದಲ ಸಲ ಕೇಳಿದರು, "ಹೇಗಿತ್ತೇ ಆ ಊರು?"

ಕಪ್ಪು ಬಿಳಿ ಪಟ್ಟೆಯ ದೊಡ್ಡ ಚರ್ಚು, ಹಗ್ಗದಷ್ಟು ದಪ್ಪ ಪಾಸ್ತಾ, ಎಲ್ಲ ಹೇಳಿದೆ. ನಾನು ಪಾಲಿಟೆಕ್ನಿಕ್ ಓದನ್ನು ಅರ್ಧಕ್ಕೇ ಬಿಟ್ಟ ಮೇಲೆ ಅಪ್ಪ ನನ್ನ ಮಾತನ್ನು ಇಷ್ಟು ಹೊತ್ತು ಕೇಳಿದ್ದೇ ಇಲ್ಲ.

"ಹತ್ತೋದು ತುಂಬಾ ಕಷ್ಟ ಆಯ್ತಾ?"

"ಹತ್ತೋದೇ ಬೇಡ ಅಪ್ಪ. ಸ್ಟೇಷನ್ ಎದುರಿಗೇ ಒಂದು ಪುಟ್ಟ ರೈಲಿದೆ. ಕೂತರೆ ಸಾಕು, ಬೆಟ್ಟದ ಮೇಲೆ ಬಿಡುತ್ತೆ."

ಕಲಸುತ್ತಿದ್ದ ಕೈ ಸಾರನ್ನದಲ್ಲೇ ನಿಂತಿತು. "ಹಾಗಾದ್ರೆ ಅವಳಿಗೂ ಆಗ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಆ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. "ಆಗ್ತಿತ್ತು" ಅಂದೆ.

"ವಿಚಾರಿಸಲೇ ಇಲ್ಲ ನಾನು" ಎಂದು ಎದ್ದು ಕೈ ತೊಳೆದರು.

ಹಾಲ್‌ನಲ್ಲಿ ಲ್ಯಾಪ್‌ಟಾಪಿನ ಬೆಳಕು ಇನ್ನೂ ಇದೆ. ಆ ರೈಲಿನ ಚಿತ್ರಗಳನ್ನು ನೋಡುತ್ತಿದ್ದಾರೆ. ಅವತ್ತು ನನ್ನ ಪಕ್ಕದ ಸೀಟಿನಲ್ಲಿ ಊರುಗೋಲಿನ ಅಜ್ಜಿಯೊಬ್ಬಳು ಅಮ್ಮನ ಹಾಗೇ ಮಂಡಿ ಒತ್ತಿಕೊಳ್ಳುತ್ತಾ ಮೇಲೆ ಬಂದಳು. ಅದನ್ನು ಮಾತ್ರ ಹೇಳಲಿಲ್ಲ. ಅಪ್ಪ ಕೇಳದಿದ್ದರೆ ಸಾಕು. ಕೇಳಿದರೆ ನಾನು ಅದನ್ನೂ ಹೇಳಿಬಿಡುತ್ತೇನೆ.