ಚಹಾ ಮುಗಿಯುವಷ್ಟರಲ್ಲಿ

ಪ್ರಯೋಗಾಲಯದ ಪಕ್ಕದ ಕೋಣೆಯಿಂದ,
ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ನಿಜವಾಗಿ ಮಾಡುತ್ತಿದ್ದೀಯೋ, ಇಲ್ಲಾ ಕೇಳಿದವರಿಗೆಲ್ಲ ‘ಮಾಡ್ತಾ ಇದ್ದೀನಲ್ಲ’ ಅಂತ ಗದರಿಸಿ ಕಾಲು ನೀಡಿಕೊಂಡು ಕೂತಿದ್ದೀಯೋ? ನಿನ್ನನ್ನು ನಾನು ಇವತ್ತು ನಿನ್ನೆ ನೋಡಿದವಳೇ! ಭಾವನ ಕೆಮ್ಮು ಹತೋಟಿಗೆ ಬಂತೇ? ನನ್ನ ಬೆನ್ನು ಹಾಗೇ ಇದೆ, ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಮನಸ್ಸು ಸೋತುಹೋಗಿದೆ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ದಿನಾ ಬರೆಯಲು ಕೂರುತ್ತೇನೆ, ‘ಪ್ರೀತಿಯ ಅಕ್ಕಾ’ ಅಂತ ಬರೆಯುತ್ತೇನೆ, ಪೆನ್ನು ಮುಚ್ಚಿ ಎದ್ದುಹೋಗುತ್ತೇನೆ.

ಎಷ್ಟು ಸಂಭ್ರಮದಿಂದ ಬರೆದಿದ್ದೀಯ! ನಿಮ್ಮೂರಿನ ಹೊಸ ಎಂಜಿನಿಯರಿಂಗ್ ಕಾಲೇಜಿಗೆ ನಮ್ಮ ವಿಶ್ವವಿದ್ಯಾಲಯದಿಂದ ಲೋಹ ಪರೀಕ್ಷೆಯ ಎರಡು ಯಂತ್ರ ಬರುತ್ತವೆ, ನಮ್ಮ ಇಲಿಮರಿ ಮನೆಯೆಲ್ಲ ಕುಣಿಯುತ್ತಿದ್ದಾಳೆ, ‘ಚಿಕ್ಕಮ್ಮನ ಮಷೀನು, ಮೊದಲು ಮುಟ್ಟೋದು ನಾನೇ’ ಅಂತ ಗೆಳತಿಯರಿಗೆಲ್ಲ ಡಂಗುರ ಸಾರಿದ್ದಾಳೆ ಅಂತ. ನಿನ್ನ ಮಗಳು ನನ್ನ ತಲೆ ಮೀರಿ ಬೆಳೆದಿದ್ದರೂ ನನಗೆ ಇಲಿಮರಿಯೇ ಬಿಡು. ಅವಳ ಕಾಲೇಜಿನಲ್ಲಿ ಗೋಡೆಗೆ ಅಂಟಿಸಿದ ಯಂತ್ರದ ಚಿತ್ರ ಬಿಟ್ಟರೆ ಬೇರೇನೂ ಇಲ್ಲ, ಈ ವರ್ಷ ಕೈಯಾರೆ ಕೆಲಸ ಮಾಡಿ ಕಲಿಯದಿದ್ದರೆ ಕಾರ್ಖಾನೆಯವರು ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ ಅಂತಲೂ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಕ್ಕಾ, ಹೇಗೆ ಹೇಳಲಿ? ಆ ಎರಡು ಯಂತ್ರ ಇಲ್ಲ. ಎಲ್ಲೂ ಇಲ್ಲ.

ಪೂರ್ತಿ ಹೇಳಿಬಿಡುತ್ತೇನೆ, ಬೈಯುವುದನ್ನು ಕೊನೆಗೆ ಇಟ್ಟುಕೋ. ಹನ್ನೆರಡು ವರ್ಷದ ಹಿಂದೆ ನಮ್ಮ ಕಾಲೇಜನ್ನು ವಿಶ್ವವಿದ್ಯಾಲಯ ಮಾಡಿದರಲ್ಲ, ಗೇಟಿನ ಮೇಲೆ ಹೊಸ ಬೋರ್ಡು ಬಂತು, ಒಳಗೆ ಒಂದು ಸ್ಟೂಲೂ ಬರಲಿಲ್ಲ. ಅನುದಾನ ರಾಜಧಾನಿಯ ದೊಡ್ಡ ಸಂಸ್ಥೆಗಳಿಗೆ, ನಮ್ಮಂಥ ಮೂಲೆಯವರಿಗೆ ಸುತ್ತೋಲೆ. ಅಷ್ಟರಲ್ಲಿ ಮೊದಲ ತಪಾಸಣಾ ಸಮಿತಿ ಬರುತ್ತದೆ ಅಂತಾಯಿತು. ಲೋಹ ಎಷ್ಟು ಗಟ್ಟಿ ಅಂತ ಅಳೆಯುವ ಯಂತ್ರ ಮೂರು ವಿಭಾಗದಲ್ಲೂ ಒಂದೊಂದು ಇರಲೇಬೇಕು, ಇಲ್ಲದಿದ್ದರೆ ಮಾನ್ಯತೆ ರದ್ದು. ನಮ್ಮಲ್ಲಿದ್ದದ್ದು ಒಂದೇ ಒಂದು. ಕುಲಪತಿಗಳು ತಲೆ ಮೇಲೆ ಕೈಹೊತ್ತು ಕೂತಿದ್ದರು. ಆಗ ಬಾಯಿಬಿಟ್ಟವಳು ನಾನೇ, ಪ್ರಯೋಗಾಲಯದ ಮೇಲ್ವಿಚಾರಕಿ. ‘ಸರ್, ಒಂದೊಂದು ವಿಭಾಗ ನೋಡಿದ ಮೇಲೂ ಚಹಾ ಕೊಡೋಣ, ಅವರು ಕುಡಿಯೋಕೆ ಇಪ್ಪತ್ತು ನಿಮಿಷ ಬೇಕು. ಹಿಂದಿನ ಕಾರಿಡಾರಲ್ಲಿ ಯಂತ್ರ ತಳ್ಕೊಂಡು ಹೋದ್ರೆ ಪಕ್ಕದ ವಿಭಾಗಕ್ಕೆ ಎಂಟೇ ನಿಮಿಷ.’ ನೀನು ನನಗೆ ನೀಲಿ, ಹಸಿರು, ಹಳದಿ ಹೊದಿಕೆ ಹೊಲಿದುಕೊಟ್ಟೆಯಲ್ಲ, ಮೂರು ಬಣ್ಣ ಯಾಕೆ ಅಂತ ಕೇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಇಷ್ಟ ಅಂದೆನಲ್ಲ, ವಿಭಾಗಕ್ಕೊಂದು ಬಣ್ಣದಂತೆ ಮೂರನ್ನೂ ಹಾಕಿದ್ದು ಅದೇ ಒಂದು ಯಂತ್ರಕ್ಕೆ.

ಹೀಗೆ ಸಾಗಿಸುವುದಕ್ಕೆ ನಾವು ‘ಮೆರವಣಿಗೆ’ ಅಂತ ಹೆಸರಿಟ್ಟಿದ್ದೆವು. ನಾನು, ನಮ್ಮ ಅಟೆಂಡರು, ರಬ್ಬರ್ ಚಕ್ರದ ಒಂದು ಗಾಡಿ. ಸದ್ದಾಗದಿರಲೆಂದು ಹೊಸ್ತಿಲಿಗೆ ಒದ್ದೆ ಗೋಣಿಚೀಲ. ಚಹಾವನ್ನು ಬಾಯಿ ಸುಡುವಷ್ಟು ಬಿಸಿಯಾಗಿ ಕೊಡಿಸುತ್ತಿದ್ದೆ, ಬೇಗ ಕುಡಿದು ಏಳಬಾರದಲ್ಲ! ಒಂದಲ್ಲ ಎರಡಲ್ಲ, ನಾಲ್ಕು ಸಮಿತಿಗಳನ್ನು ಹೀಗೆ ದಾಟಿಸಿದೆವು. ನನಗೆ ನಾಚಿಕೆಯೂ ಆಗಿರಲಿಲ್ಲ, ಸತ್ಯ ಹೇಳುತ್ತೇನೆ, ಜಂಬವೇ ಇತ್ತು. ಈ ಸಲ ಬಂದಿದ್ದ ಸಮಿತಿಯ ಹಿರಿಯರಂತೂ ಹೊದಿಕೆ ಸರಿಸಿ, ‘ಮೂರು ಕಡೇನೂ ಎಷ್ಟು ಜೋಪಾನ ಮಾಡಿದ್ದೀರಮ್ಮ, ಹೊಸದರ ಹಾಗಿವೆ’ ಅಂದರು. ನಾನು ಉಬ್ಬಿಹೋದೆ. ಹೋದ ತಿಂಗಳು ವರದಿ ಬಂತು. ಇಲ್ಲಿ ಉಪಕರಣಗಳಿಗೆ ಕೊರತೆಯಿಲ್ಲವಂತೆ, ಹೊಸ ಪ್ರಯೋಗಾಲಯಕ್ಕೆ ಕೇಳಿದ ಅನುದಾನ ಅನಗತ್ಯವಂತೆ. ನಿಯಮ ಈಗ ಬದಲಾಗಿದೆಯಂತೆ, ಮೂರು ವಿಭಾಗವೂ ಹಂಚಿಕೊಂಡರೆ ಇವರಿಗೆ ಒಂದು ಯಂತ್ರ ಸಾಕು, ಉಳಿದೆರಡನ್ನು ಬರಿಗೈಯಲ್ಲಿರುವ ಹೊಸ ಕಾಲೇಜಿಗೆ ಕೊಡತಕ್ಕದ್ದು. ಆ ಹೊಸ ಕಾಲೇಜೇ ನಮ್ಮ ಇಲಿಮರಿಯದು. ಓದಿ ನಾನೂ ಅಟೆಂಡರೂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಹೋಗಿ ಗಾಡಿ ಒರೆಸತೊಡಗಿದ.

ಬಡವರ ಹಾಗೆ ಕಂಡರೆ ಮುಚ್ಚಿಬಿಡುತ್ತಾರೆ ಅಂತ ಹೆದರಿ ಸಿರಿವಂತರ ವೇಷ ಹಾಕಿದೆವು. ಈಗ ಸಿರಿವಂತರಿಗೆ ಯಾಕೆ ಕೊಡಬೇಕು ಅನ್ನುತ್ತಾರೆ. ಅವರನ್ನು ಬೈಯಲು ಬಾಯೇ ಬರುವುದಿಲ್ಲ ನೋಡು. ಮೊನ್ನೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಕಪಟ್ಟಿ ತೆಗೆದುಕೊಂಡು ಹೋಗಲು ಬಂದಿದ್ದಳು. ಕೆಲಸದ ಸಂದರ್ಶನದಲ್ಲಿ ಇಂಥದ್ದೇ ಯಂತ್ರದ ಮುಂದೆ ನಿಲ್ಲಿಸಿ, ನಡೆಸಿ ತೋರಿಸು ಅಂದರಂತೆ. ‘ನೋಡಿದ್ದೀನಿ ಸರ್ ಅಂದೆ ಮೇಡಂ. ನೋಡಿದ್ದು ಸಾಲದು, ನಡೆಸೋಕೆ ಬರುತ್ತಾ ಅಂದ್ರು’ ಅಂತ ಹೇಳಿ ನಕ್ಕಳು. ನಮ್ಮಲ್ಲಿ ನಲವತ್ತು ಮಕ್ಕಳು ಸುತ್ತ ನಿಂತು ಕತ್ತು ಉದ್ದ ಮಾಡುತ್ತಾರೆ, ಒಬ್ಬನ ಕೈಗೆ ಸಿಗುತ್ತದೆ, ಗಂಟೆ ಹೊಡೆಯುತ್ತದೆ. ಅವಳು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು. ನನಗೆ ಅವಳ ಮುಖ ನೋಡಲಾಗಲಿಲ್ಲ, ಅಕ್ಕಾ.

ಕುಲಪತಿಗಳು ನನ್ನನ್ನು ಕರೆಸಿದ್ದರು. ‘ಎರಡು ಯಂತ್ರ ಕೆಟ್ಟು ಗುಜರಿಗೆ ಹೋದವು ಅಂತ ಒಂದು ಸಾಲು ಬರೆದು ಸಹಿ ಹಾಕಿಬಿಡಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ’ ಅಂದರು. ಕೆಟ್ಟ ಮನುಷ್ಯರಲ್ಲ, ಪಾಪ, ಅವರ ಕೋಣೆಯ ಫ್ಯಾನೂ ತಿರುಗುವುದಿಲ್ಲ. ನಿಜ ಹೇಳಿದರೆ ಮಾನ್ಯತೆಗೇ ಕುತ್ತು ಬಂದೀತು ಅಂತ ಅವರಿಗೆ ಭಯ. ನನಗೆ ನಿವೃತ್ತಿಗೆ ಹನ್ನೊಂದು ತಿಂಗಳಿದೆ, ನನಗಿಲ್ಲವೇ ಭಯ? ಅವರು ಟೈಪು ಮಾಡಿಸಿ ಕೊಟ್ಟ ಹಾಳೆ ನನ್ನ ಡ್ರಾಯರಿನಲ್ಲಿದೆ. ಇನ್ನೂ ಒಂದು ಸುಳ್ಳಿಗೆ ಗಾಡಿ ತಳ್ಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಂಡಿ ಬೇಗ ಮಾತು ಕೇಳಲಿ. ಇಲಿಮರಿಯ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು.

ಇಂತು ನಿನ್ನ ದಣಿದ,
ತಂಗಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆಯೇ ಸಮಿತಿಯ ಹಿರಿಯರಿಗೆ ಎಲ್ಲ ಬರೆದು ರಿಜಿಸ್ಟರ್ ಮಾಡಿ ಕಳಿಸಿದೆ. ಇರುವುದು ಒಂದೇ ಯಂತ್ರ, ಉಪಾಯ ನನ್ನದು, ನಮ್ಮ ಮಕ್ಕಳಿಗೂ ನಿಮ್ಮೂರಿನ ಮಕ್ಕಳಿಗೂ ನಿಜವಾದದ್ದು ಕೊಡಿ, ಶಿಕ್ಷೆ ನನಗಿರಲಿ ಅಂತ. ಆದ್ದರಿಂದ ಬೇಡ ಕಣೇ ಅಂತ ಬರೆಯಬೇಡ, ತಡವಾಯಿತು. ಅವರು ನನ್ನನ್ನು ಮನೆಗೆ ಕಳಿಸುವುದರೊಳಗೆ ಇಲಿಮರಿಯನ್ನು ಇಲ್ಲಿಗೆ ಕಳಿಸು, ಇರುವ ಒಂದರ ಮೇಲೆ ಕೈ ಹಿಡಿದು ಕಲಿಸುತ್ತೇನೆ. ಮಷೀನು ಯಾಕೆ ಬರಲಿಲ್ಲ ಅಂತ ಅವಳು ಕೇಳಿದರೆ ಸರ್ಕಾರ ಕೊಡಲಿಲ್ಲ ಅನ್ನಬೇಡ. ಚಿಕ್ಕಮ್ಮ ಸುಳ್ಳು ಹೇಳಿದ್ದಳು ಅಂತಲೇ ಹೇಳು.